ಹತ್ತಿರ ಬರಬಾರದು, ಫೋನ್ ಮಾಡಬಾರದು: ಕಾಸರಗೋಡಿನಲ್ಲಿ ಯಾರಿಗೆ ಯಾವ ಆದೇಶ?

ಹೊಡೆದವನು, ಮೈಮೇಲೆ ಕೈ ಹಾಕಿದವನು, ಕೊಲ್ತೇನೆ ಅಂತ ಬೆದರಿಸಿದವನು ಮತ್ತೆ ಎದುರು ಬರಬಾರದು. ಫೋನ್ ಮಾಡಬಾರದು, ಮೆಸೇಜ್ ಹಾಕಬಾರದು, ಯಾರ ಕೈಲೂ ಹೇಳಿ ಕಳಿಸಬಾರದು. ಕೇಳುವುದು ಇಷ್ಟೇ. ಆದರೆ ಇದಕ್ಕೆ ನಮ್ಮ ಕಾನೂನಿನಲ್ಲಿ ಎಲ್ಲರಿಗೂ ಸಲ್ಲುವ ಒಂದೇ ಅರ್ಜಿ ಇಲ್ಲ. ಅವನು ಗಂಡನಾದರೆ ಒಂದು ದಾರಿ, ನೆರೆಮನೆಯವನಾದರೆ ಇನ್ನೊಂದು. ಕೇಸ್ ಆಗಿ ಜಾಮೀನಿನಲ್ಲಿ ಹೊರಗೆ ಬಂದವನಾದರೆ ಮತ್ತೊಂದು.

ಯಾವುದು ಜಾಸ್ತಿ ಸ್ಟ್ರಾಂಗ್ ಅಂತ ಎಲ್ಲರೂ ಕೇಳುತ್ತಾರೆ. ನಾನು ಅದನ್ನು ಬೇರೆ ಥರ ಕೇಳುತ್ತೇನೆ. ರಾತ್ರಿ ಹತ್ತು ಗಂಟೆಗೆ ಅವನು ಗೇಟಿನ ಹತ್ತಿರ ಬಂದು ನಿಂತ ಅಂತಿಟ್ಟುಕೊಳ್ಳಿ. ನಿಮ್ಮ ಕೈಯಲ್ಲಿರುವ ಕಾಗದ ನೋಡಿ ಪೊಲೀಸರು ಅವನನ್ನು ಆಗಲೇ ಕರೆದುಕೊಂಡು ಹೋಗಬಹುದಾ? ಅಥವಾ ಬೆಳಗಾದ ಮೇಲೆ ನೀವು ಇನ್ನೊಂದು ಅರ್ಜಿ ಹಾಕಿ ಕಾಯಬೇಕಾ? ಆಯ್ಕೆಯ ಮುಕ್ಕಾಲು ಭಾಗ ಇಲ್ಲೇ ತೀರ್ಮಾನವಾಗುತ್ತದೆ. ಉಳಿದ ಕಾಲು ಭಾಗ ಆದೇಶದಲ್ಲಿ ಏನೇನು ಬರೆಸಿಕೊಂಡಿದ್ದೀರಿ ಅನ್ನುವುದರಲ್ಲಿದೆ.

ಈಗಲೇ ಅಪಾಯ ಇದ್ದರೆ ಇದನ್ನು ಓದುತ್ತಾ ಕೂರಬೇಡಿ. 112ಕ್ಕೆ ಫೋನ್ ಮಾಡಿ. ಮಹಿಳೆಯರಿಗೆ 181, ಮಕ್ಕಳಿಗೆ 1098, ಕೇರಳದ ಪಿಂಕ್ ಪೊಲೀಸ್‌ಗೆ 1515. ಉಚಿತ ವಕೀಲರು ಬೇಕಾದರೆ 15100.

ಇನ್ನೊಂದು ಸಣ್ಣ ವಿಷಯ ಮೊದಲೇ ಹೇಳಿಬಿಡುತ್ತೇನೆ. 2024ರ ಜುಲೈ 1ರಿಂದ ಅಪರಾಧ, ಶಿಕ್ಷೆಗಳ ಕಾನೂನಾದ ಐಪಿಸಿ ಹೋಗಿ ಬಿಎನ್‌ಎಸ್, ಪೊಲೀಸರ ಮತ್ತು ಕ್ರಿಮಿನಲ್ ಕೋರ್ಟಿನ ಕ್ರಮ ಹೇಳುವ ಸಿಆರ್‌ಪಿಸಿ ಹೋಗಿ ಬಿಎನ್‌ಎಸ್‌ಎಸ್ ಬಂದಿವೆ. ಸೆಕ್ಷನ್ ನಂಬರುಗಳೆಲ್ಲ ಬದಲಾಗಿವೆ. ಠಾಣೆಯಲ್ಲಿ, ವಕೀಲರ ಬಾಯಲ್ಲಿ ಹಳೆಯ ನಂಬರ್ ಇನ್ನೂ ಓಡಾಡುತ್ತಿದೆ. ಅದಕ್ಕೆ ಬೇಕಾದ ಕಡೆ ಎರಡನ್ನೂ ಕೊಟ್ಟಿದ್ದೇನೆ.

ಮನೆಯವನೇ ಆದರೆ: ಡಿವಿ ಕಾಯ್ದೆಯ ರಕ್ಷಣಾ ಆದೇಶ

2005ರ ಕೌಟುಂಬಿಕ ಹಿಂಸೆ ಕಾಯ್ದೆಯನ್ನು ನಮ್ಮಲ್ಲಿ ಎಲ್ಲರೂ ಡಿವಿ ಅಂತಲೇ ಕರೆಯುವುದು. ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ಕ್ಕೆ. ಮಹಿಳೆಗೆ ಇದರ ಬಾಗಿಲು ತೆರೆದಿದ್ದರೆ ಮೊದಲು ಇದನ್ನೇ ತಟ್ಟಿ ಅಂತ ನಾನು ಹೇಳುತ್ತೇನೆ. ಕಾರಣ ಸರಳ. 18ನೇ ಸೆಕ್ಷನ್‌ನ ರಕ್ಷಣಾ ಆದೇಶವನ್ನು ಮುರಿಯುವುದೇ ಒಂದು ಅಪರಾಧ. ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ವಾರಂಟ್ ಇಲ್ಲದೆ ಪೊಲೀಸರು ಹಿಡಿಯಬಹುದು. ಜಾಮೀನು ಅವನ ಹಕ್ಕಲ್ಲ, ಕೋರ್ಟ್ ಕೊಟ್ಟರೆ ಉಂಟು. ಆದೇಶ ಮುರಿದ ಅನ್ನುವುದಕ್ಕೆ ನಿಮ್ಮೊಬ್ಬರ ಸಾಕ್ಷಿಯೇ ಸಾಕು ಅಂತ ನ್ಯಾಯಾಧೀಶರು ತೀರ್ಮಾನಿಸಬಹುದು ಎಂದು ಕಾಯ್ದೆಯೇ ಹೇಳುತ್ತದೆ. ಗೇಟಿನ ಹತ್ತಿರ ನಿಂತವನನ್ನು ಆ ರಾತ್ರಿಯೇ ಎತ್ತಿಕೊಂಡು ಹೋಗಲು ಬರುವುದು ಹೀಗೆ.

ಇದು ಗಂಡನ ವಿರುದ್ಧ ಮಾತ್ರ ಅಂತ ಜನ ತಿಳಿದುಕೊಂಡಿದ್ದಾರೆ. ಹಾಗೇನಿಲ್ಲ. ಒಂದೇ ಮನೆಯಲ್ಲಿ ಬಾಳಿದ ಅಪ್ಪ, ಅಣ್ಣ, ಮೈದುನ, ಮದುವೆಯಂತೆಯೇ ಜೊತೆಗಿದ್ದವನು, ಎಲ್ಲರೂ ಬರುತ್ತಾರೆ. 2016ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯಲ್ಲಿದ್ದ ವಯಸ್ಕ ಪುರುಷ ಅನ್ನುವ ಮಾತನ್ನು ತೆಗೆದುಹಾಕಿತು. ಈಗ ಅತ್ತೆ, ನಾದಿನಿಯರ ವಿರುದ್ಧವೂ ಅರ್ಜಿ ಹಾಕಬಹುದು. ಕುಟುಂಬದ ಆಸ್ತಿಯ ಪಾಲು ಕೇಳಿದ್ದಕ್ಕೆ ಅಣ್ಣತಮ್ಮಂದಿರಿಂದ ಹೊಡೆಸಿಕೊಂಡ ತಂಗಿಯಂದಿರು ನಮ್ಮ ಕಡೆ ಎಷ್ಟೋ ಜನ ಇದ್ದಾರೆ. ಅವರಿಗೂ ಇದು ಸಲ್ಲುತ್ತದೆ ಅಂತ ಅವರಿಗೇ ಗೊತ್ತಿರುವುದಿಲ್ಲ. ಡೈವೋರ್ಸ್ ಆದ ಮೇಲೂ ಹಿಂದಿನ ಹಿಂಸೆಗೆ ಅರ್ಜಿ ಹಾಕಬಹುದು.

ಯಾರಿಗೆ ಸಲ್ಲುವುದಿಲ್ಲ? ಗಂಡಸರಿಗೆ ಅರ್ಜಿ ಹಾಕಲು ಬರುವುದಿಲ್ಲ. ಒಂದೇ ಸೂರಿನಡಿ ಎಂದೂ ಇರದ ಪ್ರೇಮಿ, ನೆರೆಯವನು, ಕೆಲಸದ ಯಜಮಾನ, ಬಸ್ಸಿನಲ್ಲಿ ಹಿಂದೆ ಬಿದ್ದವನು, ಇವರ ವಿರುದ್ಧವೂ ಆಗುವುದಿಲ್ಲ.

ಈಗ ಅರ್ಜಿಯಲ್ಲಿ ಏನು ಬರೆಯಬೇಕು ಅನ್ನುವುದಕ್ಕೆ ಬರೋಣ. ಹೆಚ್ಚಿನವರು ಎಡವುವುದು ಇಲ್ಲಿ. ತುಂಬಾ ಅರ್ಜಿಗಳಲ್ಲಿ ಎರಡು ಪುಟ ಜಗಳದ ಕಥೆ ಇರುತ್ತದೆ. ಕೊನೆಗೆ "ಸೂಕ್ತ ರಕ್ಷಣೆ ನೀಡಬೇಕು" ಅಂತ ಒಂದೇ ಸಾಲು. ಹೀಗೆ ಕೇಳಿದರೆ ಆದೇಶವೂ ಹಾಗೇ ಬರುತ್ತದೆ, ಹಿಂಸೆ ಮಾಡಬಾರದು ಅಂತ. ಅವನು ದಿನಾ ಬಂದು ರಸ್ತೆಯ ಆಚೆ ಬದಿ ನಿಂತು ನೋಡಿದರೆ ಅದು ಹಿಂಸೆಯಾ, ಅಲ್ವಾ ಅಂತ ಠಾಣೆಯಲ್ಲಿ ಚರ್ಚೆ ಶುರು. ಅದರ ಬದಲು ಕೋರಿಕೆಯ ಭಾಗ ಹೀಗಿರಲಿ. ಮಂಗಳೂರಿನಲ್ಲಿ ಕೆಲಸಕ್ಕೆ ಹೋಗುವ ಉಪ್ಪಳದ ಒಬ್ಬ ಹೆಂಗಸಿನ ಅರ್ಜಿ ಅಂತ ಇಟ್ಟುಕೊಳ್ಳಿ:

"ಎದುರುದಾರನು ಅರ್ಜಿದಾರಳ ಉಪ್ಪಳದ ತವರುಮನೆ, ಮಂಗಳೂರಿನಲ್ಲಿ ಅವಳು ಕೆಲಸ ಮಾಡುವ ಅಂಗಡಿ, ಮಗುವಿನ ಶಾಲೆ, ಅವಳು ದಿನಾ ಹತ್ತುವ ಉಪ್ಪಳ ರೈಲ್ವೆ ಸ್ಟೇಷನ್ ಮತ್ತು ಬಸ್ ನಿಲ್ದಾಣ, ಇವುಗಳ 200 ಮೀಟರ್ ಒಳಗೆ ಬರಬಾರದು. ಫೋನ್, ವಾಟ್ಸ್ಆಪ್, ವಾಯ್ಸ್ ಮೆಸೇಜ್, ಇನ್‌ಸ್ಟಾಗ್ರಾಂ, ಪತ್ರ ಇವುಗಳ ಮೂಲಕ ಅಥವಾ ಬೇರೆಯವರ ಮೂಲಕ ಅವಳನ್ನು ಸಂಪರ್ಕಿಸಬಾರದು. ಅವಳಿಗೆ ಆಸರೆ ಕೊಟ್ಟ ತಂದೆತಾಯಿಯನ್ನು, ಜೊತೆಯಲ್ಲಿ ಕೆಲಸ ಮಾಡುವವರನ್ನು ಬೆದರಿಸಬಾರದು."

ಇದರಲ್ಲಿ ಮೀಟರ್ ಲೆಕ್ಕ ಮಾತ್ರ ನಾನು ಸೇರಿಸಿದ್ದು. ಉಳಿದ ಪ್ರತಿಯೊಂದಕ್ಕೂ 18ನೇ ಸೆಕ್ಷನ್‌ನಲ್ಲಿ ಬುಡ ಇದೆ. ಕೆಲಸದ ಜಾಗ, ಶಾಲೆ, ಆಕೆ ಆಗಾಗ ಹೋಗುವ ಜಾಗ, ಯಾವುದೇ ರೂಪದ ಸಂಪರ್ಕ, ಸಹಾಯ ಮಾಡಿದವರ ಮೇಲಿನ ಹಿಂಸೆ, ಎಲ್ಲ ಅಲ್ಲಿವೆ. ಕೇಳಿದರೆ ಸಿಗುತ್ತದೆ. ಕೇಳದೆ ಇದ್ದರೆ ಯಾರೂ ತಾವಾಗಿ ಸೇರಿಸಿಕೊಡುವುದಿಲ್ಲ.

ಸಮಯದ ಮಾತು. ಅರ್ಜಿ ಬಂದ ಮೂರು ದಿನದೊಳಗೆ ಸಾಮಾನ್ಯವಾಗಿ ಮೊದಲ ವಿಚಾರಣೆ, ಅಲ್ಲಿಂದ 60 ದಿನದಲ್ಲಿ ಮುಗಿಸಲು ಪ್ರಯತ್ನ, ಇದು ಕಾಯ್ದೆಯಲ್ಲಿರುವ ಲೆಕ್ಕ. ನಿಜದಲ್ಲಿ ಎಳೆಯುತ್ತದೆ, ಎಲ್ಲರಿಗೂ ಗೊತ್ತು. ಹಾಗಾಗಿ ಅರ್ಜಿಯ ಜೊತೆಗೇ 23ನೇ ಸೆಕ್ಷನ್‌ನಲ್ಲಿ ಮಧ್ಯಂತರ ಆದೇಶ ಕೇಳಿ. ಅಫಿಡವಿಟ್ ಸಾಕು. ಅವನು ಬರುವ ಮೊದಲೇ, ಅವನ ಮಾತು ಕೇಳದೆಯೇ ಮ್ಯಾಜಿಸ್ಟ್ರೇಟ್ ಅದನ್ನು ಕೊಡಬಹುದು. "ಪ್ರೊಟೆಕ್ಷನ್ ಆಫೀಸರ್ ರಿಪೋರ್ಟ್ ಬರಲಿ, ಆಮೇಲೆ ನೋಡೋಣ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಪ್ರೊಟೆಕ್ಷನ್ ಆಫೀಸರ್ ಅಂದರೆ ಈ ಕಾಯ್ದೆಯ ಕೆಲಸಕ್ಕೆ ಸರ್ಕಾರ ನೇಮಿಸಿದ ರಕ್ಷಣಾಧಿಕಾರಿ. ಆದೇಶಕ್ಕೆ ಅವರ ವರದಿ ಕಡ್ಡಾಯ ಅಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವರದಿ ಇದ್ದರೆ ಒಳ್ಳೆಯದು, ಅಷ್ಟೆ.

ಆದೇಶದ ಪ್ರತಿ ನಿಮಗೆ ಉಚಿತ. ಮ್ಯಾಜಿಸ್ಟ್ರೇಟರ ವ್ಯಾಪ್ತಿಯ ಠಾಣೆಗೂ ಹೋಗುತ್ತದೆ. ನೀವಾಗಿ ಹೋಗಿ ರದ್ದು ಕೇಳುವವರೆಗೆ ಅದು ಜಾರಿಯಲ್ಲಿರುತ್ತದೆ. ಪರಿಸ್ಥಿತಿ ಬದಲಾಗಿದೆ ಅಂತ ಅವನೂ ಬದಲಾವಣೆ ಕೇಳಬಹುದು, ಆದರೆ ಕಾರಣ ಕೋರ್ಟಿಗೆ ಒಪ್ಪಿಗೆಯಾಗಬೇಕು.

ಕೇಸ್ ಆಗಿದೆ, ಅವನು ಜಾಮೀನಿನಲ್ಲಿ ಹೊರಗಿದ್ದಾನೆ

ಅತ್ಯಾಚಾರ, ಮೈಮೇಲೆ ಕೈ ಹಾಕುವುದು, ಕೊಲೆ ಯತ್ನ, ಗಂಭೀರ ಹಲ್ಲೆ. ಇವುಗಳಲ್ಲಿ ಎಫ್‌ಐಆರ್ ಆದಮೇಲೆ ಅವನನ್ನು ದೂರ ಇಡುವ ಕಾಗದ ಅಂದರೆ ಜಾಮೀನಿನ ಆದೇಶ. ಅವನು ಯಾರೇ ಆಗಿರಲಿ, ನೀವು ಗಂಡಸೋ ಹೆಂಗಸೋ, ಇದು ಎಲ್ಲರಿಗೂ ಸಲ್ಲುತ್ತದೆ.

ಮಾಮೂಲಿ ಜಾಮೀನಿನ ಷರತ್ತು ಹೀಗಿರುತ್ತದೆ: ಸಾಕ್ಷಿಗಳಿಗೆ ಆಮಿಷ ಒಡ್ಡಬಾರದು, ಬೆದರಿಸಬಾರದು, ಇಂಥದ್ದೇ ಅಪರಾಧ ಮತ್ತೆ ಮಾಡಬಾರದು. ಇದು ಬಿಎನ್‌ಎಸ್‌ಎಸ್ 480ರ, ಅಂದರೆ ಹಳೆಯ 437ರ ಭಾಷೆ. ಸರಿಯಾಗಿ ಓದಿ ನೋಡಿ. ನಿಮ್ಮ ಬಸ್ ಸ್ಟಾಪಿಗೆ ಬರಬಾರದು ಅಂತ ಅದರಲ್ಲಿ ಎಲ್ಲೂ ಇಲ್ಲ. "ಹೇಗಿದ್ದೀ?" ಅಂತ ಮೆಸೇಜ್ ಹಾಕಬಾರದು ಅಂತಲೂ ಇಲ್ಲ. ಅವನು ಬಂದು ಸುಮ್ನೆ ನಿಂತು ಹೋದರೆ "ನಾನು ಬೆದರಿಸಿಲ್ಲವಲ್ಲ" ಅಂತ ಅವನ ವಕೀಲರು ವಾದಿಸುತ್ತಾರೆ. ಆದ್ದರಿಂದ ಸಂಪರ್ಕ ಬೇಡ, ಇಂಥ ಠಾಣೆಯ ವ್ಯಾಪ್ತಿಗೆ ಕಾಲಿಡಬಾರದು ಅನ್ನುವ ಷರತ್ತನ್ನು ಪ್ರತ್ಯೇಕವಾಗಿ ಕೇಳಿ ಹಾಕಿಸಿಕೊಳ್ಳಬೇಕು.

ಕೇಳುವ ಹಕ್ಕು ನಿಮಗಿದೆಯಾ? ಇದೆ. 2022ರ ಏಪ್ರಿಲ್‌ನಲ್ಲಿ ಜಗಜೀತ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿತು. ತನಿಖೆಯಿಂದ ಹಿಡಿದು ಮೇಲ್ಮನವಿವರೆಗೆ, ಜಾಮೀನಿನ ವಿಚಾರಣೆಯಲ್ಲೂ ಸಂತ್ರಸ್ತರ ಮಾತು ಕೇಳಬೇಕು. ಅದಕ್ಕಿಂತ ಒಂದು ವರ್ಷ ಮೊದಲು, 2021ರ ಮಾರ್ಚ್ 18ಕ್ಕೆ, ಅಪರ್ಣಾ ಭಟ್ ಕೇಸಿನ ತೀರ್ಪು ಬಂತು. ಮಧ್ಯಪ್ರದೇಶದಲ್ಲಿ ಆರೋಪಿಯೊಬ್ಬನಿಗೆ ಜಾಮೀನು ಕೊಡುವಾಗ, ಸಂತ್ರಸ್ತೆಯ ಮನೆಗೆ ಹೋಗಿ ರಾಖಿ ಕಟ್ಟಿಸಿಕೊಂಡು ಬಾ ಅಂತ ಹೈಕೋರ್ಟ್ ಷರತ್ತು ಹಾಕಿತ್ತು. ಓದಿದರೆ ಮೈ ಉರಿಯುತ್ತದೆ. ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿ ಎಲ್ಲ ಕೋರ್ಟುಗಳಿಗೆ ಸೂಚನೆ ಕೊಟ್ಟಿತು. ಜಾಮೀನಿನ ಷರತ್ತು ಆರೋಪಿ ಮತ್ತು ಸಂತ್ರಸ್ತೆಯ ನಡುವೆ ಸಂಪರ್ಕಕ್ಕೆ ಅವಕಾಶ ಮಾಡಿಕೊಡಬಾರದು. ಕಿರುಕುಳದ ಭಯ ಇದ್ದರೆ ರಕ್ಷಣೆಯ ಬಗ್ಗೆ ಆದೇಶ ಮಾಡಿ, ಸಂಪರ್ಕಿಸಕೂಡದು ಅಂತ ಆರೋಪಿಗೆ ಹೇಳಬೇಕು. ಜಾಮೀನು ಸಿಕ್ಕಿದ ಕೂಡಲೇ ದೂರುದಾರರಿಗೆ ತಿಳಿಸಬೇಕು, ಎರಡು ದಿನದೊಳಗೆ ಆದೇಶದ ಪ್ರತಿ ಕೊಡಬೇಕು. ರಾಜಿ ಮಾಡಿಕೊಳ್ಳಿ, ಮದುವೆ ಆಗಿ ಅಂತ ಕೋರ್ಟ್ ಸಲಹೆ ಕೊಡುವಂತಿಲ್ಲ.

ಈ ಕೊನೆಯದನ್ನು ಊರಿನ ಹಿರಿಯರಿಗೂ ಓದಿ ಹೇಳಬೇಕು ಅನಿಸುತ್ತದೆ. "ಕೂತು ಮಾತಾಡಿ ಮುಗಿಸಿಬಿಡೋಣ, ಹುಡುಗಿಯ ಹೆಸರು ಹಾಳಾಗುವುದು ಬೇಡ" ಅನ್ನುವ ಪಂಚಾಯ್ತಿಕೆ ನಮ್ಮಲ್ಲಿ ಇನ್ನೂ ಇದೆ. ಅತ್ಯಾಚಾರ ರಾಜಿಗೆ ಬರುವ ಅಪರಾಧವೇ ಅಲ್ಲ.

ಈ ದಾರಿಯ ದೌರ್ಬಲ್ಯವನ್ನೂ ಹೇಳಬೇಕು. ಜಾಮೀನಿನ ಷರತ್ತು ಮುರಿದರೆ, ಮುರಿದದ್ದಕ್ಕೇ ಅಂತ ಪೊಲೀಸರು ಹೊಸ ಕೇಸ್ ಹಾಕಲು ಬರುವುದಿಲ್ಲ. ಜಾಮೀನು ರದ್ದು ಮಾಡಿ ಅಂತ ಕೋರ್ಟಿಗೆ ಅರ್ಜಿ ಹಾಕಬೇಕು. ಪಬ್ಲಿಕ್ ಪ್ರಾಸಿಕ್ಯೂಟರ್ ಹಾಕಬಹುದು, ನೀವೂ ಹಾಕಬಹುದು. ನೋಟಿಸ್, ಉತ್ತರ, ವಿಚಾರಣೆ ಅಂತ ವಾರಗಳು ಹೋಗುತ್ತವೆ. ಜಾಮೀನು ಕೊಟ್ಟದ್ದು ಹೈಕೋರ್ಟ್ ಆದರೆ ಎರ್ನಾಕುಳಂ ದಾರಿ ಹಿಡಿಯಬೇಕು.

ಆದರೆ ಒಂದು ಹತ್ತಿರದ ದಾರಿ ಇದೆ, ಹೆಚ್ಚಿನವರು ಅದನ್ನು ಬಳಸುವುದಿಲ್ಲ. ಅವನು ಬಂದು "ಹೇಳಿಕೆ ಬದಲಿಸು, ಇಲ್ಲಾಂದ್ರೆ ನೋಡ್ಕೋ" ಅಂದರೆ ಅದು ಬರೇ ಷರತ್ತು ಮುರಿದದ್ದಲ್ಲ. ಸುಳ್ಳು ಸಾಕ್ಷಿ ಹೇಳು ಅಂತ ಬೆದರಿಸುವುದು ಬಿಎನ್‌ಎಸ್ 232, ಅಂದರೆ ಹಳೆಯ 195ಎ. ಏಳು ವರ್ಷದವರೆಗೆ ಜೈಲು ಇರುವ ಬೇರೆಯೇ ಅಪರಾಧ. ಇದಕ್ಕೆ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಬಹುದು ಅಂತ 2025ರ ಅಕ್ಟೋಬರ್‌ನಲ್ಲಿ, ಅದೂ ಕೇರಳದ ಕೇಸೊಂದರಲ್ಲೇ, ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಕೋರ್ಟಿಗೆ ಹೋಗಿ ದೂರು ಕೊಡಿ ಅಂತ ಠಾಣೆಯಿಂದ ವಾಪಸ್ ಕಳಿಸಿದರೆ ಇದನ್ನು ನೆನಪಿಸಿ.

ಸಾಕ್ಷಿ ರಕ್ಷಣಾ ಯೋಜನೆ

ಹೆಸರು ಕೇಳಿದರೆ ದೊಡ್ಡ ದೊಡ್ಡ ಕೇಸಿಗೆ ಮಾತ್ರ ಅನಿಸುತ್ತದೆ. ಹಾಗಲ್ಲ. 2018ರ ಡಿಸೆಂಬರ್ 5ರಂದು ಮಹೇಂದರ್ ಚಾವ್ಲಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಈ ಯೋಜನೆಯನ್ನು ಇಡೀ ದೇಶಕ್ಕೆ ಕಾನೂನಾಗಿ ಒಪ್ಪಿತು. ಏಳು ವರ್ಷ ಮತ್ತು ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧಗಳ ಜೊತೆಗೆ ಹಳೆಯ 354 (ಹೆಂಗಸಿನ ಮಾನಕ್ಕೆ ಕೈ ಹಾಕುವುದು), ಹಿಂಬಾಲಿಸುವುದು, 509 (ಮಾತು, ಸನ್ನೆಯಿಂದ ಮಾನ ಕಳೆಯುವುದು) ಕೂಡ ಇದರೊಳಗಿವೆ. ಸಂತ್ರಸ್ತರೂ ಸಾಕ್ಷಿಗಳೇ, ಅವರ ಮನೆಯವರಿಗೂ ರಕ್ಷಣೆ ಕೇಳಬಹುದು.

ಅರ್ಜಿ ಹೋಗುವುದು ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರಾಗಿರುವ ಸಮಿತಿಗೆ. ನಮಗೆ ಅದು ಕಾಸರಗೋಡು ವಿದ್ಯಾನಗರದ ಕೋರ್ಟ್ ಸಂಕೀರ್ಣ. ಜಿಲ್ಲೆಯ ಪ್ರಾಸಿಕ್ಯೂಷನ್ ಮುಖ್ಯಸ್ಥರು ಅದರ ಕಾರ್ಯದರ್ಶಿ. ಡಿವೈಎಸ್‌ಪಿ ಮಟ್ಟದ ಅಧಿಕಾರಿ ಐದು ಕೆಲಸದ ದಿನಗಳಲ್ಲಿ ಬೆದರಿಕೆ ಎಷ್ಟಿದೆ ಅಂತ ವರದಿ ಕೊಡಬೇಕು. ತುರ್ತಾದರೆ ವರದಿಗೆ ಮೊದಲೇ ಮಧ್ಯಂತರ ರಕ್ಷಣೆ ಕೇಳಬಹುದು. ಮನೆ ಹತ್ತಿರ ಗಸ್ತು, ಕೋರ್ಟಿಗೆ ಹೋಗಿಬರಲು ಪೊಲೀಸ್ ಜೊತೆ, ಫೋನ್ ನಂಬರ್ ಬದಲಿಸುವುದು, ಕರೆಗಳ ಮೇಲೆ ನಿಗಾ, ತನಿಖೆಯಲ್ಲೂ ವಿಚಾರಣೆಯಲ್ಲೂ ಮುಖಾಮುಖಿ ಆಗದಂತೆ ನೋಡಿಕೊಳ್ಳುವುದು, ಬೇಕಾದರೆ ಬೇರೆ ಕಡೆ ವಸತಿ, ಎಲ್ಲ ಈ ಯೋಜನೆಯಲ್ಲಿವೆ. ಖರ್ಚು ಸರ್ಕಾರದ್ದು.

ಗಮನಿಸಿ, ಇದು ಅವನ ಕೈ ಕಟ್ಟುವ ಆದೇಶ ಅಲ್ಲ. ನಿಮ್ಮ ಸುತ್ತ ಪೊಲೀಸರಿಗೆ ಕೆಲಸ ಹಚ್ಚುವ ಆದೇಶ. ಒಂದು ಸಲಕ್ಕೆ ಮೂರು ತಿಂಗಳಿಗಿಂತ ಜಾಸ್ತಿ ಇರುವುದಿಲ್ಲ, ಮುಗಿಯುವ ಮೊದಲು ಮತ್ತೆ ಕೇಳಬೇಕು. ಆರೋಪಿಗೆ ಹಣ, ಜನ, ಪಕ್ಷ ಇದ್ದರೆ ಜಾಮೀನಿನ ಷರತ್ತಿನ ಜೊತೆಗೆ ಇದನ್ನೂ ಹಾಕಿ. ಅವನೊಬ್ಬನನ್ನು ತಡೆದರೆ ಅವನ ಕಡೆಯವರು ಬರುತ್ತಾರಲ್ಲ, ಅಂಥ ಕೇಸಿಗೆ ಇದು ಹೇಳಿ ಮಾಡಿಸಿದ್ದು.

ಠಾಣೆಯಲ್ಲಿ ಬೇಗ ಸಿಗುವ ಬಾಂಡ್

ದೂರು ಕೊಡಲು ಹೋದಾಗ "ನೂರ ಏಳು ಹಾಕಿಬಿಡೋಣ" ಅನ್ನುತ್ತಾರೆ. ಈಗ ಅದು ಬಿಎನ್‌ಎಸ್‌ಎಸ್ 126. ಆರ್‌ಡಿಒ (ಕಂದಾಯ ವಿಭಾಗದ ಅಧಿಕಾರಿ) ಥರದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಮುಂದೆ ಹೆಚ್ಚೆಂದರೆ ಒಂದು ವರ್ಷಕ್ಕೆ ಶಾಂತಿ ಕಾಪಾಡುತ್ತೇನೆ ಅಂತ ಬಾಂಡ್ ಬರೆಸುತ್ತಾರೆ. ಗಡಿ ತಕರಾರು, ಕುಡಿದು ಬಂದು ಬೈಯುವ ನೆರೆಯವನು, ಇಂಥದ್ದಕ್ಕೆ ಸಾಕು. ಲೈಂಗಿಕ ಅಪರಾಧಕ್ಕೆ ಎಫ್‌ಐಆರ್ ಬದಲು ಇದನ್ನು ಕೊಟ್ಟರೆ ಒಪ್ಪಬೇಡಿ. ಎಷ್ಟೋ ಸಲ ಇಬ್ಬರನ್ನೂ ಕರೆದು ಇಬ್ಬರಿಂದಲೂ ಬಾಂಡ್ ಬರೆಸುತ್ತಾರೆ, ಹೊಡೆಸಿಕೊಂಡವಳೂ ಶಾಂತಿ ಕಾಪಾಡಬೇಕಂತೆ!

ಸಂಬಂಧವೇ ಇಲ್ಲದವನು ಹಿಂದೆ ಬಿದ್ದಿದ್ದರೆ

ಮದುವೆ ಬೇಡ ಅಂದದ್ದಕ್ಕೆ, ಪ್ರೀತಿ ಮುರಿದದ್ದಕ್ಕೆ ಹಿಂದೆ ಬೀಳುವವರು. ಡಿವಿ ಇಲ್ಲ, ದೊಡ್ಡ ಕೇಸೂ ಇನ್ನೂ ಆಗಿಲ್ಲ. ಇಲ್ಲಿ ಮೊದಲ ಹೆಜ್ಜೆ ಬಿಎನ್‌ಎಸ್ 78, ಹಿಂಬಾಲಿಸುವ ಅಪರಾಧ, ಹಳೆಯ 354ಡಿ. ಬೇಡ ಅಂತ ಸ್ಪಷ್ಟವಾಗಿ ತಿಳಿಸಿದ ಮೇಲೂ ಮತ್ತೆ ಮತ್ತೆ ಸಂಪರ್ಕಿಸುವುದು ಇದರ ತಿರುಳು. ಆದ್ದರಿಂದ ಒಂದೇ ಒಂದು ಮೆಸೇಜ್ ಹಾಕಿ: "ನನಗೆ ಇನ್ನು ಫೋನ್, ಮೆಸೇಜ್ ಮಾಡಬೇಡಿ, ನನ್ನ ಹಿಂದೆ ಬರಬೇಡಿ." ಬೈಗುಳ ಬೇಡ, ಕಾರಣ ವಿವರಿಸುವುದೂ ಬೇಡ. ಸ್ಕ್ರೀನ್‌ಶಾಟ್ ತೆಗೆದಿಡಿ, ಮೂಲ ಮೆಸೇಜ್ ಅಳಿಸಬೇಡಿ. ಆಮೇಲೆ ಅವನು ಹಾಕುವ ಪ್ರತಿಯೊಂದು ಮೆಸೇಜೂ ನಿಮ್ಮ ಕಡೆಯ ಸಾಕ್ಷಿ.

ಮೊದಲ ಸಲಕ್ಕೆ ಮೂರು ವರ್ಷದವರೆಗೆ ಶಿಕ್ಷೆ, ಆದರೆ ಜಾಮೀನು ಸಿಗುವ ಅಪರಾಧ. ಒಮ್ಮೆ ಶಿಕ್ಷೆಯಾದವನು ಮತ್ತೆ ಮಾಡಿದರೆ ಐದು ವರ್ಷದವರೆಗೆ, ಜಾಮೀನು ಸುಲಭವಲ್ಲ. ಅಂದರೆ ಮೊದಲ ಸಲ ಸಂಜೆಯೊಳಗೆ ಹೊರಗೆ ಬರುತ್ತಾನೆ ಅಂತ ಲೆಕ್ಕ ಹಾಕಿಯೇ ತಯಾರಿ ಮಾಡಿಕೊಳ್ಳಿ. ಈ ಕಾಯ್ದೆಯ ದೊಡ್ಡ ಕೊರತೆ ಇದೇ, ನನ್ನ ಪ್ರಕಾರ.

ಸಿವಿಲ್ ಕೋರ್ಟಿನ ಇಂಜಂಕ್ಷನ್, ಅಂದರೆ ತಡೆಯಾಜ್ಞೆ, ಇನ್ನೊಂದು ಆಯ್ಕೆ. ಗಂಡಸರಿಗೂ ಸಲ್ಲುತ್ತದೆ, ಯಾರ ವಿರುದ್ಧವೂ ಆಗುತ್ತದೆ. ಎಫ್‌ಐಆರ್ ಬೇಡ. ಆದರೆ ಮುರಿದರೆ ಮತ್ತೆ ಅದೇ ಕೋರ್ಟಿಗೆ ಹೋಗಬೇಕು. ಆಸ್ತಿ ಜಪ್ತಿ, ಮೂರು ತಿಂಗಳವರೆಗೆ ಸಿವಿಲ್ ಜೈಲು, ಅಷ್ಟರವರೆಗೆ ಹೋಗುವುದು ನಿಧಾನ. ಪೊಲೀಸ್ ಸಹಾಯ ಬೇಕೆಂದರೆ ಅದಕ್ಕೂ ಬೇರೆ ಆದೇಶ. ಮಾನ ಮರ್ಯಾದೆಗೆ ಹೆದರುವ, ನೌಕರಿ, ವ್ಯಾಪಾರ ಇರುವ ಮನುಷ್ಯನಾದರೆ ಕೋರ್ಟಿನ ನೋಟಿಸೇ ಕೆಲಸ ಮಾಡುತ್ತದೆ. ಏನಕ್ಕೂ ಹೆದರದವನಿಗೆ ಇದು ಬರೇ ಕಾಗದ.

ಕೆಲಸದ ಜಾಗದವನಾದರೆ, ಅಲ್ಲಿಯ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ, ತನಿಖೆ ನಡೆಯುತ್ತಿರುವಾಗಲೇ ಅವನನ್ನೋ ನಿಮ್ಮನ್ನೋ ಬೇರೆ ಕಡೆ ಹಾಕಲು, ನಿಮಗೆ ಮೂರು ತಿಂಗಳವರೆಗೆ ರಜೆ ಕೊಡಲು ದೂರು ಸಮಿತಿ ಶಿಫಾರಸು ಮಾಡಬಹುದು. ಘಟನೆ ಆಗಿ ಮೂರು ತಿಂಗಳೊಳಗೆ ದೂರು ಕೊಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ದೌರ್ಜನ್ಯ ತಡೆ ಕಾಯ್ದೆಯ 15ಎ ಇದೆ. ಜಾಮೀನಿನ ವಿಚಾರಣೆಯ ನೋಟಿಸ್ ಸಂತ್ರಸ್ತರಿಗೆ ಬರಲೇಬೇಕು. ಎಫ್‌ಐಆರ್‌ನಲ್ಲಿ ಆ ಕಾಯ್ದೆ ಸೇರಿದೆಯಾ ಅಂತ ಮೊದಲ ದಿನವೇ ನೋಡಿಕೊಳ್ಳಿ.

ಮಗುವಾದರೆ

18ರೊಳಗಿನ ಹುಡುಗ, ಹುಡುಗಿ ಇಬ್ಬರಿಗೂ 2012ರ ಪೋಕ್ಸೋ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆ. ಇಲ್ಲಿ ಆಯ್ಕೆಯ ಪ್ರಶ್ನೆ ಕಡಿಮೆ, ಪೊಲೀಸರ ಮತ್ತು ಕೋರ್ಟಿನ ಕರ್ತವ್ಯವೇ ಜಾಸ್ತಿ. ಹೇಳಿಕೆ ತೆಗೆಯುವಾಗ ಮಗು ಯಾವ ರೀತಿಯಲ್ಲೂ ಆರೋಪಿಯ ಸಂಪರ್ಕಕ್ಕೆ ಬರಬಾರದು. ಕೋರ್ಟಿನಲ್ಲಿ ಸಾಕ್ಷಿ ಹೇಳುವಾಗ ಮಗುವಿಗೆ ಅವನ ಮುಖ ಕಾಣಬಾರದು, ಪರದೆ ಅಥವಾ ವಿಡಿಯೋ ಇರಬೇಕು.

ಕಷ್ಟ ಬರುವುದು ಆರೋಪಿ ಮನೆಯವನೇ ಆದಾಗ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಮಗುವನ್ನು ಆ ಮನೆಯಿಂದ ಬೇರೆ ಇಡಬೇಕಾ ಅಂತ ಸಮಿತಿ ಮೂರು ದಿನದಲ್ಲಿ ತೀರ್ಮಾನಿಸಬೇಕು. ಮಗುವನ್ನು ಮನೆ ಬಿಡಿಸುವ ಬದಲು ಅವನನ್ನೇ ಹೊರಗೆ ಹಾಕಿಸಬಹುದಲ್ಲ ಅಂತ ತಾಯಿ ಕೇಳುತ್ತಾಳೆ. ಸರಿಯಾದ ಪ್ರಶ್ನೆ. ತಾಯಿ ಡಿವಿಯಲ್ಲಿ ವಾಸದ ಆದೇಶ ತಂದರೆ ಅವನು ಮನೆಯಿಂದ ಹೊರಗೆ ಹೋಗಬೇಕಾಗುತ್ತದೆ. ಪೋಕ್ಸೋ, ಡಿವಿ ಎರಡೂ ಒಟ್ಟಿಗೇ ನಡೆಯಬಹುದು, ಒಂದು ಹಾಕಿದರೆ ಇನ್ನೊಂದು ಬಿಡಬೇಕು ಅಂತಿಲ್ಲ.

ತಲಪಾಡಿಯ ಆಚೆ ಈಚೆ

ನಮ್ಮದು ತಲಪಾಡಿ ಗಡಿಯ ಎರಡೂ ಕಡೆ, ಎರಡು ರಾಜ್ಯದ ಬದುಕು. ಮನೆ ಮಂಜೇಶ್ವರ, ಕೆಲಸ ಮಂಗಳೂರು, ಗಂಡನ ಮನೆ ಬದಿಯಡ್ಕ, ತವರು ಪುತ್ತೂರು. ಆದೇಶ ಗಡಿಯಲ್ಲಿ ನಿಂತುಬಿಡುತ್ತದಾ?

ಡಿವಿ ಆದೇಶ ನಿಲ್ಲುವುದಿಲ್ಲ. ಅದು ದೇಶದಲ್ಲೆಲ್ಲ ನಡೆಯುತ್ತದೆ ಅಂತ 27ನೇ ಸೆಕ್ಷನ್ ಹೇಳುತ್ತದೆ. ಎಲ್ಲಿ ಅರ್ಜಿ ಹಾಕಬೇಕು ಅನ್ನುವುದೂ ನಿಮ್ಮ ಅನುಕೂಲಕ್ಕೇ ಬಿಟ್ಟದ್ದು. ತಾತ್ಕಾಲಿಕವಾಗಿ ಇರುವ ಊರು, ಕೆಲಸದ ಊರು, ಹಿಂಸೆ ನಡೆದ ಊರು, ಯಾವುದೂ ಆಗುತ್ತದೆ. ತವರು ಪುತ್ತೂರಿನವರು ಕನ್ನಡದಲ್ಲಿ ನಡೆಯುವ ಕೋರ್ಟ್ ಅಂತ ಅಲ್ಲೇ ಹಾಕಬಹುದು. ಆದರೆ ಅವನು ಕಾಸರಗೋಡಿನಲ್ಲೇ ಇದ್ದು ನೀವೂ ವಾಪಸ್ ಬರುವವರಾದರೆ ಕಾಸರಗೋಡಿನಲ್ಲೇ ಹಾಕುವುದು ಲೇಸು. ನೋಟಿಸ್ ಬೇಗ ಮುಟ್ಟುತ್ತದೆ, ಠಾಣೆಯವರೂ ಕೇಳುತ್ತಾರೆ. ಮಂಗಳೂರಿನಲ್ಲಿ ಕೆಲಸ ಇದ್ದರೆ ಆದೇಶದ ಪ್ರತಿಯನ್ನು ಅಲ್ಲಿಯ ಠಾಣೆಗೂ ನೀವೇ ಕೊಟ್ಟು ಸೀಲ್ ಹಾಕಿಸಿಕೊಳ್ಳಿ, ಅದು ತಾನಾಗಿ ಅಲ್ಲಿಗೆ ಹೋಗುವುದಿಲ್ಲ.

ಜಾಮೀನಿನ ಷರತ್ತಿನಲ್ಲಿ ಬೇರೆಯೇ ತೊಂದರೆ. "ಕುಂಬಳೆ ಠಾಣೆಯ ವ್ಯಾಪ್ತಿಗೆ ಬರಬಾರದು" ಅಂತ ಬರೆದಿದ್ದರೆ ಅವನು ಮಂಗಳೂರಿನಲ್ಲಿ ನಿಮ್ಮ ಅಂಗಡಿ ಮುಂದೆ ನಿಂತರೆ ಷರತ್ತು ಮುರಿದಂತಾಗುವುದಿಲ್ಲ. ನೀವು ಓಡಾಡುವ ಎರಡೂ ಕಡೆಯ ಹೆಸರು ಪ್ರಾಸಿಕ್ಯೂಟರ್ ಕೈಗೆ ಮೊದಲೇ ಬರೆದು ಕೊಡಿ. ಘಟನೆ ಯಾವ ರಾಜ್ಯದಲ್ಲೇ ಆಗಿರಲಿ, ಎಫ್‌ಐಆರ್ ಹತ್ತಿರದ ಠಾಣೆಯಲ್ಲೇ ಹಾಕಿಸಬಹುದು. ಬಿಎನ್‌ಎಸ್‌ಎಸ್ 173 ಅದನ್ನೇ ಹೇಳುತ್ತದೆ. "ಅದು ಉಳ್ಳಾಲಕ್ಕೆ ಬರುತ್ತದೆ, ಅಲ್ಲಿಗೇ ಹೋಗಿ" ಅನ್ನುವ ಉತ್ತರ ಈಗ ನಡೆಯುವುದಿಲ್ಲ. ಎಫ್‌ಐಆರ್ ಪ್ರತಿಯೂ ಉಚಿತ.

ಗಲ್ಫಿನಲ್ಲಿ ಕೂತು ವಾಯ್ಸ್ ಮೆಸೇಜಿನಲ್ಲಿ ಬೆದರಿಸುವವರೂ ಇದ್ದಾರೆ. ಡಿವಿ ಆದೇಶ ಫೋನಿಗೂ ಸಲ್ಲುತ್ತದೆ, ಹಾಕಿಸಿಕೊಳ್ಳಿ. ಆದರೆ ಹಿಡಿಯುವ ಮಾತು ಅವನು ಊರಿಗೆ ಬಂದ ಮೇಲೆಯೇ.

ಭಾಷೆಯ ವಿಷಯ. 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಕೋರ್ಟಿನಲ್ಲಿ ನಡೆಯುವುದು ಮಲಯಾಳಂ, ಇಂಗ್ಲಿಷ್. ನೀವು ತುಳುವಿನಲ್ಲೋ ಕನ್ನಡದಲ್ಲೋ ಹೇಳಿದ್ದು ಮಲಯಾಳಂನಲ್ಲಿ ಟೈಪ್ ಆಗುತ್ತದೆ. ಸಹಿ ಹಾಕುವ ಮೊದಲು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಓದಿಸಿ. ಜಾಗದ ಹೆಸರು, ತಾರೀಕು, ಅವನು ಹೇಳಿದ ಮಾತು, ಈ ಮೂರನ್ನು ಒಂದೊಂದಾಗಿ ಸರಿ ನೋಡಿ. ಅವನಿಗೆ ಮಲಯಾಳಂ ಬಾರದಿದ್ದರೆ ಆದೇಶದ ಕನ್ನಡ ಅನುವಾದವನ್ನೂ ಮುಟ್ಟಿಸಲು ಕೇಳಿ. ಇಲ್ಲದಿದ್ದರೆ "ನನಗೆ ಓದಲು ಬರಲಿಲ್ಲ" ಅನ್ನುವ ನೆಪ ಅವನ ಕೈಯಲ್ಲಿ ಉಳಿಯುತ್ತದೆ.

ಯಾರ ಹತ್ತಿರ ಹೋಗುವುದು

ಮಹಿಳೆಯರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ವಿದ್ಯಾನಗರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ತಾಲೂಕು ಸಮಿತಿಗಳೂ ಇವೆ. ಡಿವಿಗೆ ಮಹಿಳಾ ರಕ್ಷಣಾಧಿಕಾರಿ, ಮೊದಲು ಮಾತಾಡಿ ಮನಸ್ಸು ಹಗುರ ಮಾಡಿಕೊಳ್ಳಲು ಕುಟುಂಬಶ್ರೀಯ ‘ಸ್ನೇಹಿತ’ ಸಹಾಯ ಕೇಂದ್ರ, ಒಂದೆರಡು ರಾತ್ರಿ ಉಳಿಯಲು ಸಖಿ ಕೇಂದ್ರ. ಕನ್ನಡ ಬಲ್ಲ ವಕೀಲರು ಬೇಕು ಅಂತ ಮೊದಲೇ ಕೇಳಿ, ನಾಚಿಕೆ ಬೇಡ.

ಆದೇಶ ಸಿಕ್ಕಿದ ಮೇಲೆ

ಪ್ರತಿಯ ಫೋಟೋ ಮೊಬೈಲಿನಲ್ಲಿರಲಿ, ಒಂದು ಜೆರಾಕ್ಸ್ ಬ್ಯಾಗಿನಲ್ಲಿ, ಒಂದು ಮಗುವಿನ ಶಾಲೆಯ ಹೆಡ್‌ಮಾಸ್ಟರ್ ಹತ್ತಿರ. ಅವನು ಬಂದ ಪ್ರತಿ ಸಲ ತಾರೀಕು, ಹೊತ್ತು, ಜಾಗ ಬರೆದಿಡಿ. ಸಣ್ಣದು ಅಂತ ಬಿಡಬೇಡಿ. ಅತ್ಯಾಚಾರದ ಕೇಸಾದರೆ ನಿಮ್ಮ ಹೆಸರು, ಫೋಟೋವನ್ನು ಊರಿನ ವಾಟ್ಸ್ಆಪ್ ಗ್ರೂಪಿನಲ್ಲಿ ಹಾಕುವುದೂ ಅಪರಾಧ. ಬಿಎನ್‌ಎಸ್ 72, ಎರಡು ವರ್ಷದವರೆಗೆ ಜೈಲು.

ಇನ್ನು ಎಲ್ಲರೂ ಮರೆಯುವ ಒಂದು ವಿಷಯ. ಮಗುವಿನ ಫೀಸು, ಜ್ವರ, ರೇಷನ್ ಕಾರ್ಡ್ ಅಂತ ನೀವೇ ಅವನಿಗೆ ಫೋನ್ ಮಾಡಬೇಕಾಗಿ ಬರುತ್ತದೆ. ನೀವು ಫೋನ್ ಮಾಡಿದ್ದರಿಂದ ಆದೇಶ ಬಿದ್ದುಹೋಗುವುದಿಲ್ಲ. ಆದರೆ "ಅವಳೇ ಕರೆದಳು" ಅಂತ ಅವನ ವಕೀಲರು ಕಾಲ್ ಲಿಸ್ಟ್ ಹಿಡಿದುಕೊಂಡು ಬರುತ್ತಾರೆ. ಅದಕ್ಕೆ ಆದೇಶ ಕೇಳುವಾಗಲೇ ಮಗುವಿನ ವಿಷಯಕ್ಕೆ ಯಾರ ಮೂಲಕ ಮಾತು ಅಂತ ಹೆಸರು ಹೇಳಿ ಬರೆಸಿಕೊಳ್ಳಿ. ನಿಮ್ಮ ವಕೀಲರು, ಅಥವಾ ಇಬ್ಬರೂ ಒಪ್ಪುವ ಒಬ್ಬ ಮಾವನೋ ಚಿಕ್ಕಮ್ಮನೋ. ಮಗುವನ್ನು ನೋಡಲು ಅವನಿಗೆ ಅವಕಾಶ ಕೊಟ್ಟಿದ್ದರೆ ಯಾವ ವಾರ, ಎಷ್ಟು ಹೊತ್ತಿಗೆ, ಎಲ್ಲಿ ಕರೆದುಕೊಂಡು ಬಂದು ಬಿಡಬೇಕು ಅನ್ನುವುದೂ ಅದೇ ಕಾಗದದಲ್ಲಿರಲಿ, ನಿಮ್ಮ ಮನೆಯ ಗೇಟು ಮಾತ್ರ ಬೇಡ.